ಖಾಲಿ ಬಿಟ್ಟ ಜಾಗ ಯಾರಿಗಾಗಿ?

ಕಂಪ್ಯೂಟರ್ ಮಾಡುವವರ ನಡುವೆ ಒಂದು ಹಳೇ ಜಗಳ ಇದೆ. ಸಿನಿಮಾ ಎಡಿಟ್ ಮಾಡುವವರು, ಹಾಡು ರೆಕಾರ್ಡ್ ಮಾಡುವವರು, ಅನಿಮೇಶನ್‌ನವರು, ವಿಜ್ಞಾನಿಗಳು ದುಡಿಮೆಗೆ ಅಂತ ಕೊಳ್ಳುವ ದೊಡ್ಡ ಡೆಸ್ಕ್‌ಟಾಪ್ ಇರುತ್ತಲ್ಲ, ಅದರ ಹೊಟ್ಟೆಯೊಳಗೇ ಮುಂದಿನ ಬೆಳವಣಿಗೆಗೆ ಜಾಗ ಬಿಡಬೇಕಾ? ಅಥವಾ ಪೆಟ್ಟಿಗೆಯನ್ನು ಪುಟ್ಟದಾಗಿ, ಚೆಂದವಾಗಿ ಮುಚ್ಚಿ, ‘ಇನ್ನೇನಾದ್ರೂ ಬೇಕಿದ್ರೆ ಹೊರಗಿಂದ ಕೇಬಲ್ ಹಾಕಿ ಸೇರಿಸ್ಕೊಳ್ಳಿ’ ಅನ್ನಬೇಕಾ?

ಇದು ಇಂಜಿನಿಯರುಗಳ ತಲೆನೋವು, ನಮಗ್ಯಾಕೆ ಅಂತ ನೀವು ಅನ್ನಬಹುದು. ನಾನೂ ಬಹಳ ದಿನ ಇದನ್ನು ಬರೀ ತಾಂತ್ರಿಕ ಚರ್ಚೆ ಅಂತಲೇ ಓದ್ತಾ ಇದ್ದೆ. ಆದರೆ ಓದುತ್ತಾ ಹೋದಂತೆ ಇದರ ಬುಡದಲ್ಲಿ ಒಂದು ನೈತಿಕ ಪ್ರಶ್ನೆ ಇದೆ ಅನ್ನಿಸತೊಡಗಿತು. ಯಂತ್ರ ಮಾಡುವವನು ಒಬ್ಬ, ಬಳಸುವವನು ಇನ್ನೊಬ್ಬ. ಇಬ್ಬರಿಗೂ ಮುಖ ಪರಿಚಯ ಇಲ್ಲ. ಬಳಸುವವನಿಗೆ ಐದು ವರ್ಷ ಬಿಟ್ಟು ಏನು ಬೇಕಾಗುತ್ತೆ ಅನ್ನೋದು ಮಾಡುವವನಿಗೆ ಗೊತ್ತಿಲ್ಲ, ಗೊತ್ತಾಗೋದಕ್ಕೆ ಸಾಧ್ಯವೂ ಇಲ್ಲ. ಈ ಗೊತ್ತಿಲ್ಲದಿರುವಿಕೆಗೆ ಒಂದು ಬೆಲೆ ಇದೆ. ಆ ಬೆಲೆಯನ್ನು ಯಾರು ಕಟ್ಟಬೇಕು?

ಮೊದಲು ಸ್ಲಾಟ್ ಅಂದ್ರೆ ಏನು ಅಂತ ಒಂದು ಮಾತು. ಡೆಸ್ಕ್‌ಟಾಪ್ ಬಿಚ್ಚಿ ನೋಡಿದವರಿಗೆ ಗೊತ್ತು, ಮದರ್‌ಬೋರ್ಡ್ ಮೇಲೆ ಉದ್ದುದ್ದ ಸೀಳುಗಳಿರುತ್ತವೆ. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್, ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಹೀಗೆ ಬೇಕಾದ್ದನ್ನು ಸಿಕ್ಕಿಸಬಹುದು. ಸಿಕ್ಕಿಸಿದ ಕಾರ್ಡು ಯಂತ್ರದ ಅಂಗವೇ ಆಗಿಬಿಡುತ್ತೆ. ಅದೇ ಕರೆಂಟು, ಅದೇ ಫ್ಯಾನಿನ ಗಾಳಿ. ಬಿಇ ಓದುವಾಗ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿ ಡೆಸ್ಕ್‌ಟಾಪ್ ‘ಅಸೆಂಬಲ್’ ಮಾಡಿಸಿದ ನಮ್ಮ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಕೈಯಲ್ಲಿ ಕಾಸಿರಲಿಲ್ಲ. ಮೊದಲ ಸೆಮಿಸ್ಟರಿಗೆ ಸಿಕ್ಕಿದಷ್ಟು ಮೆಮೊರಿ, ಮೂರನೇ ಸೆಮಿಸ್ಟರಿಗೆ ಇನ್ನೊಂದು ತುಂಡು, ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್. ಖಾಲಿ ಸ್ಲಾಟ್ ಅಂದರೆ ನಮಗೆ ಒಂಥರಾ ಕಂತಿನಲ್ಲಿ ಕೊಳ್ಳುವ ಸೌಲಭ್ಯ.

ಈಗ ಜಗಳದ ಕಥೆ. 1977ರಲ್ಲಿ ಆಪಲ್ II ಬಂತು. ಅದನ್ನು ವಿನ್ಯಾಸ ಮಾಡಿದ ಸ್ಟೀವ್ ವೋಜ್ನಿಯಾಕ್‌ಗೆ ಎಂಟು ಸ್ಲಾಟ್ ಬೇಕಿತ್ತು. ಸ್ಟೀವ್ ಜಾಬ್ಸ್‌ಗೆ ಎರಡು ಸಾಕಾಗಿತ್ತು. ಒಂದು ಪ್ರಿಂಟರಿಗೆ, ಇನ್ನೊಂದು ಮೋಡೆಮ್‌ಗೆ. ಜನ ಅದಕ್ಕಿಂತ ಹೆಚ್ಚು ಏನು ತಾನೇ ಸೇರಿಸ್ತಾರೆ ಅನ್ನೋದು ಅವರ ಲೆಕ್ಕ. ವೋಜ್ನಿಯಾಕ್ ಪಟ್ಟು ಬಿಡಲಿಲ್ಲ, ಎಂಟೇ ಉಳಿಯಿತು.

ಆಮೇಲೆ ಆ ಎಂಟು ಸೀಳುಗಳಲ್ಲಿ ಏನೇನು ಬಂದು ಕೂತಿತು ನೋಡಿ. 1978ರಲ್ಲಿ ಫ್ಲಾಪಿ ಡಿಸ್ಕಿನ ಕಂಟ್ರೋಲರ್ ಕಾರ್ಡು. ಅದನ್ನು ಮಾಡಿದ್ದೂ ವೋಜ್ನಿಯಾಕೇ. ಪರದೆಯ ಮೇಲೆ ಸಾಲಿಗೆ 40 ಅಕ್ಷರ ಮಾತ್ರ ಬರ್ತಿದ್ದದ್ದನ್ನು 80 ಮಾಡುವ ಕಾರ್ಡುಗಳು ಬಂದವು. 1980ರಲ್ಲಿ ಮೈಕ್ರೋಸಾಫ್ಟ್ ಒಂದು ಕಾರ್ಡು ತಂದಿತು. ಅದರ ಮೇಲೆ ಬೇರೆಯೇ ಪ್ರೊಸೆಸರ್ ಇತ್ತು! ಅಂದರೆ ಆಪಲ್ ಯಂತ್ರದೊಳಗೆ ಇನ್ನೊಂದು ಜಾತಿಯ ಕಂಪ್ಯೂಟರನ್ನೇ ತಂದು ಕೂರಿಸಿ, ಸಿಪಿ/ಎಂ ಅನ್ನೋ ಬೇರೆಯೇ ಆಪರೇಟಿಂಗ್ ಸಿಸ್ಟಮ್ಮಿನ ತಂತ್ರಾಂಶಗಳನ್ನು ಓಡಿಸಬಹುದಾಗಿತ್ತು. ವೋಜ್ನಿಯಾಕ್ ಇದನ್ನೆಲ್ಲ ಮೊದಲೇ ಊಹಿಸಿಕೊಂಡು ಎಂಟು ಬಿಟ್ಟಿದ್ದರು ಅಂತೇನೂ ಅಲ್ಲ. ತನಗೆ ಊಹಿಸೋಕೆ ಆಗಲ್ಲ ಅನ್ನೋದನ್ನು ಒಪ್ಪಿಕೊಂಡು ಬಿಟ್ಟಿದ್ದರು ಅನ್ನೋದೇ ಹೆಚ್ಚು ಸರಿ.

ಏಳು ವರ್ಷದ ನಂತರ, 1984ರ ಜನವರಿಯಲ್ಲಿ ಮ್ಯಾಕಿಂಟಾಷ್ ಬಂದಾಗ ಗಾಳಿ ತಿರುಗಿತ್ತು. ಅದರಲ್ಲಿ ಸ್ಲಾಟ್ ಒಂದೂ ಇರಲಿಲ್ಲ. ಮಾಮೂಲಿ ಸ್ಕ್ರೂಡ್ರೈವರ್‌ಗೆ ಬಗ್ಗದ, ಆಳದಲ್ಲಿ ಕೂತ ನಕ್ಷತ್ರಾಕಾರದ ಸ್ಕ್ರೂಗಳು. ಇದನ್ನು ಬರೀ ಜಾಬ್ಸ್‌ರ ಹಟ ಅಂತ ತಳ್ಳಿಹಾಕೋದು ಅನ್ಯಾಯ. ಆ ಯೋಜನೆಯನ್ನು ಶುರು ಮಾಡಿದ ಜೆಫ್ ರಾಸ್ಕಿನ್ ಕೂಡ ಸ್ಲಾಟ್ ಬೇಡ ಅಂದಿದ್ದರು, ಅವರ ಕಾರಣ ಬಹಳ ಗಟ್ಟಿಯಾದದ್ದು. ಪ್ರತಿಯೊಬ್ಬರ ಯಂತ್ರದಲ್ಲೂ ಬೇರೆ ಬೇರೆ ಕಾರ್ಡಿದ್ದರೆ ತಂತ್ರಾಂಶ ಬರೆಯುವವನು ಯಾವುದನ್ನು ನಂಬಿ ಬರೀಬೇಕು? ಎಲ್ಲ ಯಂತ್ರವೂ ಒಂದೇ ಥರ ಇದ್ದರೆ ಎಲ್ಲರ ಮನೆಯಲ್ಲೂ ಎಲ್ಲವೂ ಸರಿಯಾಗಿ ಓಡುತ್ತೆ, ಬೆಲೆಯೂ ಇಳಿಯುತ್ತೆ. ಆಂಡ್ರಾಯ್ಡ್ ಫೋನುಗಳ ಹತ್ತಾರು ಮಾಡೆಲಿಗೆ ಆ್ಯಪ್ ಬರೆದು ಒದ್ದಾಡಿದವರಿಗೆ ರಾಸ್ಕಿನ್ ಮಾತು ತಟ್ಟನೆ ಅರ್ಥ ಆಗುತ್ತೆ.

ಅದೇ ಮ್ಯಾಕಿಂಟಾಷ್‌ನ ಬೋರ್ಡು ವಿನ್ಯಾಸ ಮಾಡಿದವರು ಬರೆಲ್ ಸ್ಮಿತ್. ಅವರ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ಒಂದು ಪ್ರಸಂಗ ಬರೆದಿದ್ದಾರೆ. ಸ್ಮಿತ್‌ಗೆ ಒಳಗೊಳಗೇ ಅಳುಕು: 128 ಕಿಲೋಬೈಟ್ ಮೆಮೊರಿ ಬೇಗ ಸಾಲದೇ ಹೋಗುತ್ತೆ ಅಂತ. ಒಂದು ಸ್ಲಾಟನ್ನು ‘ದೋಷ ಪತ್ತೆ ಮಾಡುವ ಪೋರ್ಟ್’ ಅಂತ ಹೆಸರು ಬದಲಿಸಿ ಸೇರಿಸೋಕೆ ನೋಡಿದರು. ಗುಟ್ಟು ಬಯಲಾಗಿ ಅದನ್ನು ತೆಗೆಯಬೇಕಾಯಿತು. ಆಮೇಲೆ ಬೋರ್ಡಿನ ಮೇಲೆ ಕೆಲವು ಹೆಚ್ಚುವರಿ ಗೆರೆ ಎಳೆದರು. ಮುಂದೆ ದೊಡ್ಡ ಮೆಮೊರಿ ಚಿಪ್ ಅಗ್ಗವಾದಾಗ ಬೆಸುಗೆ ಹಾಕಲು ಬಲ್ಲವರು ಹಳೇದನ್ನು ಕಿತ್ತು ಹೊಸದನ್ನು ಕೂರಿಸಿ 512 ಕಿಲೋಬೈಟ್ ಮಾಡಿಕೊಳ್ಳಲಿ ಅಂತ. ಖರ್ಚು ಕೆಲವೇ ಪೈಸೆ. ಜಾಬ್ಸ್ ಇದಕ್ಕೂ ಬೇಡ ಅಂದಿದ್ದರಂತೆ. ಹೆಚ್ಚು ಮೆಮೊರಿ ಬೇಕಾದವರು ಹೊಸ ಮ್ಯಾಕೇ ಕೊಳ್ಳಲಿ ಅನ್ನೋದು ಒಂದು ಕಾರಣ. ಸ್ಮಿತ್ ಆ ಗೆರೆಗಳನ್ನು ಅಳಿಸದೆ ಸುಮ್ಮನೆ ಬಿಟ್ಟರು, ಯಾರೂ ಜಾಬ್ಸ್‌ಗೆ ಹೇಳಲಿಲ್ಲ. ಮುಂದೆ ಎಷ್ಟೋ ಜನಕ್ಕೆ ಹೊಸ ಯಂತ್ರ ಕೊಳ್ಳುವ ಖರ್ಚು ಉಳಿಯಿತು.

ಹೊರಗಿಂದ ನೋಡಿದರೆ ಇದು ಮೇಲಿನವರ ಮಾತು ಮೀರಿದ ಕಥೆ. ಆದರೆ ಆ ಕೆಲವು ಗೆರೆ ಯಾರಿಗಾಗಿ? ಸ್ಮಿತ್ ಎಂದೂ ಭೇಟಿಯಾಗದ, ಹೆಸರೇ ಗೊತ್ತಿಲ್ಲದ ಯಾರೋ ಒಬ್ಬರಿಗಾಗಿ. ‘ನಿನಗೆ ಮುಂದೆ ಏನು ಬೇಕೋ ನಂಗೊತ್ತಿಲ್ಲ, ಆದ್ರೆ ಬಾಗಿಲನ್ನ ಪೂರ್ತಿ ಮುಚ್ಚಲ್ಲ’ ಅಂತ.

ಈ ‘ಯಾರೋ ಒಬ್ಬರು’ ನಾವೇ ಆಗಿದ್ದ ಉದಾಹರಣೆಯೂ ಇದೆ. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡಿತು. ಅಮೆರಿಕದ ಫ್ಲೋರಿಡಾದ ಬೋಕಾ ರಟಾನ್ ಅನ್ನೋ ಊರಲ್ಲಿ ಡಾನ್ ಎಸ್ಟ್ರಿಜ್ ನೇತೃತ್ವದ ತಂಡ ಅದನ್ನು ಮಾಡಿದ್ದು. ಅದರಲ್ಲಿ ಐದು ಸ್ಲಾಟ್ ಇದ್ದವು. ಜೊತೆಗೆ ಸರ್ಕ್ಯೂಟ್ ನಕ್ಷೆ ಸಮೇತ ತಾಂತ್ರಿಕ ಕೈಪಿಡಿಯನ್ನೂ ಅಚ್ಚು ಹಾಕಿ ಮಾರಿದರು. ಯಾರು ಬೇಕಾದರೂ ಆ ಸ್ಲಾಟಿಗೆ ಹೊಂದುವ ಕಾರ್ಡು ಮಾಡಬಹುದಿತ್ತು.

ಆ ಯಂತ್ರಕ್ಕೆ ಕನ್ನಡ ಬರ್ತಿರಲಿಲ್ಲ. ಹಿಂದಿ, ತಮಿಳು, ಬಂಗಾಳಿ ಯಾವುದೂ ಬರ್ತಿರಲಿಲ್ಲ. ಪರದೆ ಮೇಲೆ ಅಕ್ಷರ ಮೂಡಿಸುವ ಭಾಗದೊಳಗೆ ಇಂಗ್ಲಿಷ್ ಅಕ್ಷರಗಳ ಆಕಾರವನ್ನು ಮೊದಲೇ ಅಚ್ಚೊತ್ತಿ ಇಟ್ಟಿದ್ದರು. ಒಂದು ಅಕ್ಷರಕ್ಕೆ ಒಂದು ಚೌಕ. ಒತ್ತಕ್ಷರ, ಕೊಂಬು, ದೀರ್ಘ ಇದಕ್ಕೆಲ್ಲ ಅಲ್ಲಿ ಜಾಗವೇ ಇಲ್ಲ. ಬೋಕಾ ರಟಾನ್‌ನ ಇಂಜಿನಿಯರುಗಳಿಗೆ ‘ಕ್ಷ’ ಹೇಗೆ ಬರೀತಾರೆ ಅಂತ ತಿಳಿದಿರಬೇಕಿತ್ತು ಅಂತ ನಾವು ಕೇಳೋ ಹಾಗೂ ಇಲ್ಲ.

1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಕೆಲವರು ಭಾರತೀಯ ಲಿಪಿಗಳಿಗೆ ಒಂದು ತಂತ್ರಜ್ಞಾನ ರೂಪಿಸಿದರು. ಅದು ಆಮೇಲೆ ಪುಣೆಯ ಸಿ-ಡ್ಯಾಕ್‌ಗೆ ಹೋಗಿ ‘ಜಿಸ್ಟ್ ಕಾರ್ಡ್’ ಅಂತ ಪ್ರಸಿದ್ಧವಾಯಿತು. ಅದೊಂದು ಕಾರ್ಡು, ಅಷ್ಟೇ. ಪಿಸಿಯ ಖಾಲಿ ಸ್ಲಾಟಿನಲ್ಲಿ ಸಿಕ್ಕಿಸಿದರೆ ಡಾಸ್ ಮೇಲೆ ಓಡುತ್ತಿದ್ದ ಡಿಬೇಸ್, ವರ್ಡ್‌ಸ್ಟಾರ್‌ನಂಥ ತಂತ್ರಾಂಶಗಳಲ್ಲೇ ಕನ್ನಡವೂ ಸೇರಿ ನಮ್ಮ ಲಿಪಿಗಳಲ್ಲಿ ಕೆಲಸ ಮಾಡಬಹುದಿತ್ತು. ಆ ತಂತ್ರಾಂಶಗಳನ್ನು ಬರೆದವರಿಗೆ ಕನ್ನಡ ಗೊತ್ತಿರಲಿಲ್ಲ, ಯಂತ್ರ ಮಾಡಿದವರಿಗೂ ಗೊತ್ತಿರಲಿಲ್ಲ. ಇಬ್ಬರ ಒಪ್ಪಿಗೆಯನ್ನೂ ಕೇಳದೆ, ನಡುವೆ ಖಾಲಿ ಇದ್ದ ಜಾಗದಿಂದ ನಮ್ಮ ಅಕ್ಷರಗಳು ಒಳಗೆ ಬಂದು ಕೂತವು.

ಈ ಕಥೆ ಗೊತ್ತಾದ ಮೇಲೆ ನನಗೆ ಖಾಲಿ ಸ್ಲಾಟನ್ನು ಕೇವಲ ಒಂದು ಸೌಲಭ್ಯ ಅಂತ ನೋಡೋಕೆ ಆಗ್ತಿಲ್ಲ. ಮನೆಗೆ ಬರುವವರು ಯಾರು ಅಂತ ಗೊತ್ತಿಲ್ಲದಿದ್ದರೂ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕಿ ಅನ್ನ ಮಾಡುವ ಅಭ್ಯಾಸ ನಮ್ಮ ಕಡೆ ಇತ್ತು. ಬಂದರೆ ಉಣ್ತಾರೆ, ಬರದಿದ್ದರೆ ರಾತ್ರಿಗಾಯಿತು. ನೆಂಟರ ಪಟ್ಟಿ ಮೊದಲೇ ಕೊಡಿ, ಅಷ್ಟೇ ಬೇಯಿಸ್ತೀನಿ ಅನ್ನುವ ಮನೆಯಲ್ಲಿ ತಪ್ಪೇನೂ ಇಲ್ಲ; ಆದರೆ ಅಲ್ಲಿ ಅಪರಿಚಿತರಿಗೆ ಊಟ ಸಿಗಲ್ಲ.

ಹಾಗಂತ ಜಾಗ ಬಿಡೋದು ಯಾವಾಗಲೂ ಪುಣ್ಯದ ಕೆಲಸ ಅಂದುಬಿಟ್ಟರೆ ಅದು ಸುಲಭದ ಮಾತಾಗುತ್ತೆ. ನಮ್ಮೂರಿನ ಕಡೆ ಹೋದರೆ ನೋಡಿ, ಹತ್ತು ಆರ್‌ಸಿಸಿ ಮನೆಯಲ್ಲಿ ಆರೇಳರ ತಾರಸಿ ಮೇಲೆ ಪಿಲ್ಲರಿನ ಕಂಬಿಗಳು ಆಕಾಶಕ್ಕೆ ಚಾಚಿಕೊಂಡಿರುತ್ತವೆ. ಮುಂದೆ ಮೇಲಂತಸ್ತು ಕಟ್ಟೋಣ ಅಂತ ಬಿಟ್ಟದ್ದು. ನಮ್ಮನೆ ಕಟ್ಟುವಾಗ ಮೇಸ್ತ್ರಿ ಅಪ್ಪನಿಗೆ ಮೊದಲ ದಿನವೇ ಕೇಳಿದ್ದ: “ಮೇಲೆ ಹಾಕ್ತೀರೋ ಇಲ್ವೋ ಇವಾಗ್ಲೇ ಹೇಳ್ಬಿಡಿ ಗೌಡ್ರೇ, ಆಮೇಲೆ ಪಾಯ ಬಿಚ್ಚೋಕಾಗಲ್ಲ.” ಯಾಕಂದ್ರೆ ವಿಷಯ ಬರೀ ಮೇಲೆ ಕಾಣುವ ಕಂಬಿಯದ್ದಲ್ಲ. ಮೇಲಂತಸ್ತು ಬರುತ್ತೆ ಅಂದ್ರೆ ಪಾಯ ಆಳ ಬೇಕು, ಪಿಲ್ಲರ್ ದಪ್ಪ ಬೇಕು, ಸಿಮೆಂಟು ಕಬ್ಬಿಣ ಹೆಚ್ಚು ಬೇಕು. ಆ ದುಡ್ಡು ಇವತ್ತೇ ಖರ್ಚು. ಮೇಲಂತಸ್ತು ಬರುತ್ತೋ ಇಲ್ಲವೋ ಯಾರಿಗೆ ಗೊತ್ತು? ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು ಸೇರಿದರು, ಕಂಬಿ ತುಕ್ಕು ಹಿಡಿಯಿತು, ಅದಕ್ಕೆ ತಂತಿ ಕಟ್ಟಿ ಬಟ್ಟೆ ಒಣಗಿಸ್ತಾರೆ.

ಕಂಪ್ಯೂಟರಿನಲ್ಲೂ ಹಾಗೇ. ಸ್ಲಾಟ್ ಬಿಡಬೇಕು ಅಂದರೆ ಸೀಳು ಇಟ್ಟರಷ್ಟೇ ಸಾಲದು. ಮುಂದೆ ಬರಬಹುದಾದ ಕಾರ್ಡಿಗೆ ಬೇಕಾಗುವ ಕರೆಂಟನ್ನು ಪವರ್ ಸಪ್ಲೈ ಇವತ್ತೇ ಕೊಡುವ ಹಾಗಿರಬೇಕು, ಅದರ ಬಿಸಿ ಹೊರದಬ್ಬುವ ಫ್ಯಾನು ಇವತ್ತೇ ಬೇಕು, ಅದು ಕೂರುವಷ್ಟು ದೊಡ್ಡ ಡಬ್ಬ ಬೇಕು. 2019ರ ಮ್ಯಾಕ್ ಪ್ರೋದಲ್ಲಿ ಎಂಟು ಸ್ಲಾಟ್ ಇಟ್ಟಿದ್ದಕ್ಕೆ 1.4 ಕಿಲೋವ್ಯಾಟಿನ ಪವರ್ ಸಪ್ಲೈ ಬೇಕಾಯಿತು, ಬೆಲೆ 5,999 ಡಾಲರಿನಿಂದ ಶುರುವಾಯಿತು. ಕಾರ್ಡನ್ನೇ ಹಾಕದವನೂ ಆ ದುಡ್ಡು ಕೊಡಬೇಕು. ಅಂದರೆ ಯಾರೋ ಕೆಲವರು ಮುಂದೆ ಬಳಸಬಹುದಾದ ಜಾಗಕ್ಕೆ ಎಲ್ಲರೂ ಇವತ್ತು ಬಾಡಿಗೆ ಕಟ್ಟಿದ ಹಾಗೆ. ಬೇಡದವನ ಜೇಬಿಗೆ ಕೈ ಹಾಕೋದು ಯಾವ ನ್ಯಾಯ ಅಂತ ಹೊರಗಿನ ವಿಸ್ತರಣೆ ಪರವಾಗಿ ಮಾತಾಡುವವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಈ ಪ್ರಶ್ನೆಗೆ ಉತ್ತರ ಕೊಡುವ ದೊಡ್ಡ ಪ್ರಯತ್ನ ನಡೆದದ್ದು 2013ರಲ್ಲಿ. ಅಲ್ಲಿಯ ತನಕ ಆಪಲ್‌ನ ಮ್ಯಾಕ್ ಪ್ರೋ ಅಂದರೆ ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಬದಿಯ ಬಾಗಿಲು ತೆಗೆದರೆ ಸ್ಲಾಟುಗಳು, ಹಾರ್ಡ್‌ಡಿಸ್ಕ್ ಜಾರಿಸಿ ಕೂರಿಸುವ ತಟ್ಟೆಗಳು, ಎಲ್ಲ ಅಚ್ಚುಕಟ್ಟು. 2013ರಲ್ಲಿ ಅದರ ಜಾಗಕ್ಕೆ ಕಪ್ಪಗೆ ಮಿರಿಮಿರಿ ಮಿಂಚುವ ಒಂದು ಸಿಲಿಂಡರ್ ಬಂತು. ಎತ್ತರ ಸುಮಾರು 25 ಸೆಂಟಿಮೀಟರ್, ಗಾತ್ರದಲ್ಲಿ ಹಳೆಯದರ ಎಂಟನೇ ಒಂದು ಭಾಗ. ಒಳಗೆ ತ್ರಿಕೋನಾಕಾರದ ಒಂದೇ ಲೋಹದ ತಿರುಳು, ಅದಕ್ಕೆ ಅಂಟಿಕೊಂಡ ಪ್ರೊಸೆಸರ್ ಮತ್ತು ಎರಡು ಗ್ರಾಫಿಕ್ಸ್ ಬೋರ್ಡು, ಮೇಲೆ ಒಂದೇ ಫ್ಯಾನು. ಕಾರ್ಡು ಹಾಕುವ ಸ್ಲಾಟು ಒಂದೂ ಇಲ್ಲ. ಬದಲಿಗೆ ಹಿಂಬದಿಯಲ್ಲಿ ಆರು ಥಂಡರ್‌ಬೋಲ್ಟ್ 2 ಪೋರ್ಟುಗಳು. ಡಿಸ್ಕಾದರೂ ಸರಿ, ವಿಡಿಯೋ ಕಾರ್ಡಾದರೂ ಸರಿ, ಹೊರಗಿನ ಡಬ್ಬದಲ್ಲಿಟ್ಟು ಕೇಬಲ್ ಹಾಕ್ಕೊಳ್ಳಿ ಅಂತ.

ನೋಡೋಕೆ ಬಹಳ ಚೆಂದದ ಯಂತ್ರ ಅದು. ಇಂಜಿನಿಯರಿಂಗ್ ದೃಷ್ಟಿಯಿಂದ ಈಗಲೂ ಅದರ ಒಳಗಿನ ಚಿತ್ರ ನೋಡಿದರೆ ಖುಷಿಯಾಗುತ್ತೆ. ಆದರೆ ಆ ಚೆಂದದ ಒಳಗೆ ಒಂದು ಭವಿಷ್ಯವಾಣಿ ಅಡಗಿತ್ತು: ಮುಂದಿನ ಕಾಲ ಎರಡು ಮಧ್ಯಮ ಗಾತ್ರದ ಗ್ರಾಫಿಕ್ಸ್ ಚಿಪ್ಪುಗಳದ್ದು ಅಂತ. ಕಾಲ ಹಾಗೆ ಹೋಗಲಿಲ್ಲ. ಒಂದೇ ದೈತ್ಯ ಗ್ರಾಫಿಕ್ಸ್ ಚಿಪ್ಪಿನ ಕಡೆ ಹೋಯಿತು. ಅಂಥದ್ದನ್ನು ಆ ಸಿಲಿಂಡರಿನೊಳಗೆ ಕೂರಿಸಿದರೆ ಬಿಸಿ ಹೊರಗೆ ಹೋಗೋದಿಲ್ಲ. ಆಪಲ್‌ಗೆ ಯಂತ್ರವನ್ನು ಸುಧಾರಿಸೋಕೂ ಆಗಲಿಲ್ಲ. 2017ರ ಏಪ್ರಿಲಿನಲ್ಲಿ ಅವರು ಕೆಲವು ಪತ್ರಕರ್ತರನ್ನು ಕರೆದು ಕೂರಿಸಿಕೊಂಡು, ಬಿಸಿಯ ವಿಷಯದಲ್ಲಿ ತಾವೇ ಕಟ್ಟಿಕೊಂಡ ಮೂಲೆಯಲ್ಲಿ ತಾವು ಸಿಕ್ಕಿಕೊಂಡೆವು ಅನ್ನುವ ಅರ್ಥದ ಮಾತಾಡಿದರು. ಹಾಗೆ ಹೇಳಿದ್ದು ತಂತ್ರಾಂಶ ವಿಭಾಗದ ಮುಖ್ಯಸ್ಥ ಕ್ರೇಗ್ ಫೆಡರಿಗಿ. ದೊಡ್ಡ ಕಂಪನಿಯೊಂದು ಹೀಗೆ ಬಹಿರಂಗವಾಗಿ ಒಪ್ಪಿಕೊಳ್ಳೋದು ಅಪರೂಪ, ಅದಕ್ಕೆ ಮೆಚ್ಚುಗೆ ಸಲ್ಲಬೇಕು.

ಆದರೆ ಈ ನಡುವೆ ಬಳಸುವವರು ಏನು ಮಾಡ್ತಿದ್ದರು? ಹೊಸ ಮಾದರಿ ಬಂದದ್ದು 2019ರ ಡಿಸೆಂಬರಿನಲ್ಲಿ. ಬರೋಬ್ಬರಿ ಆರು ವರ್ಷ. ಎಷ್ಟೋ ಜನ 2010, 2012ರ ಹಳೇ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನೇ ಉಳಿಸಿಕೊಂಡರು. ಅದರಲ್ಲಿ ಯುಎಸ್‌ಬಿ 3 ಇರಲಿಲ್ಲ, ಕಾರ್ಡು ಹಾಕಿಕೊಂಡರು. ಹೊಸ ಗ್ರಾಫಿಕ್ಸ್ ಕಾರ್ಡು ಬಂದಾಗ ಹಳೇದನ್ನು ಕಿತ್ತು ಹೊಸದನ್ನು ಕೂರಿಸಿದರು. 2018ರಲ್ಲಿ ಬಂದ ಮೊಹಾವೆ ಆಪರೇಟಿಂಗ್ ಸಿಸ್ಟಮ್ ಓಡಬೇಕಾದರೆ ಹೊಸ ಪೀಳಿಗೆಯ ಗ್ರಾಫಿಕ್ಸ್ ಬೇಕಿತ್ತು. ತಕ್ಕ ಕಾರ್ಡು ಹಾಕಿಕೊಂಡ 2010ರ ಯಂತ್ರಕ್ಕೂ ಆಪಲ್ ಅದನ್ನು ಅಧಿಕೃತವಾಗಿಯೇ ಕೊಟ್ಟಿತು. ಎಂಟು ವರ್ಷ ಹಳೇ ಯಂತ್ರ! ಹಳೇ ಪೆಟ್ಟಿಗೆ ಮಾಡಿದವರಿಗೂ ಭವಿಷ್ಯ ಗೊತ್ತಿರಲಿಲ್ಲ, ಸಿಲಿಂಡರ್ ಮಾಡಿದವರಿಗೂ ಗೊತ್ತಿರಲಿಲ್ಲ. ವ್ಯತ್ಯಾಸ ಏನಂದ್ರೆ, ಮೊದಲನೆಯವರ ಊಹೆ ತಪ್ಪಿದಾಗ ಬಳಸುವವನು ಒಂದು ಕಾರ್ಡು ಬದಲಾಯಿಸಿದ. ಎರಡನೆಯವರ ಊಹೆ ತಪ್ಪಿದಾಗ ಬಳಸುವವನು ಆರು ವರ್ಷ ಕಾದ.

ಇಲ್ಲಿಗೆ ‘ಒಳಗಿನದ್ದೇ ಗೆದ್ದಿತು’ ಅಂತ ತೀರ್ಪು ಕೊಡಬಹುದಿತ್ತು. ಆದರೆ ಹೊರಗಿನ ವಿಸ್ತರಣೆ ಅಂದ ಕೂಡಲೇ ಹಳ್ಳಿಯಲ್ಲಿ ಬೆಳೆದ ನನ್ನಂಥವನಿಗೆ ನೆನಪಾಗೋದು ಟ್ರ್ಯಾಕ್ಟರ್. ಟ್ರ್ಯಾಕ್ಟರಿನ ಹೊಟ್ಟೆಯೊಳಗೆ ನೇಗಿಲಿಲ್ಲ, ಬಿತ್ತುವ ಕೂರಿಗೆ ಇಲ್ಲ. ಎಲ್ಲವೂ ಹೊರಗೆ. ಬೆಳಗ್ಗೆ ಕಲ್ಟಿವೇಟರ್ ಕಟ್ಟಿ ಹೊಲ ಹರಗಿದ್ದೇ ಟ್ರ್ಯಾಕ್ಟರ್ ಮಧ್ಯಾಹ್ನ ರೋಟವೇಟರ್ ಹಾಕ್ಕೊಳ್ಳುತ್ತೆ, ಸಂಜೆ ಟ್ರೇಲರಿನಲ್ಲಿ ಗೊಬ್ಬರ ಹೊಡೆಯುತ್ತೆ. ಯಾವ ರೈತನೂ ಇದನ್ನು ಕೊರತೆ ಅಂತ ಗೊಣಗಿದ್ದು ನಾನು ಕೇಳಿಲ್ಲ. ಇದು ಇಷ್ಟು ಚೆನ್ನಾಗಿ ನಡೆಯೋದಕ್ಕೆ ಕಾರಣ ಹಿಂದುಗಡೆ ಇರುವ ಮೂರು ಕೊಂಡಿಗಳ ಜೋಡಣೆ. ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮುಂದೆ ಅದೇ ಜಗತ್ತಿಗೆಲ್ಲ ಒಪ್ಪಿತವಾದ ಅಳತೆಯಾಯಿತು. ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದು ಕಂಪನಿಯ, ಅಷ್ಟೇ ಯಾಕೆ, ಪಕ್ಕದೂರಿನ ವೆಲ್ಡಿಂಗ್ ಶಾಪಿನವನು ಮಾಡಿದ ನೇಗಿಲನ್ನೂ ಕಟ್ಟಬಹುದು. ಇಂಜಿನ್ನಿನ ಶಕ್ತಿಯನ್ನು ಹೊರಗೆ ಕೊಡುವ ಪಿಟಿಓ ಶಾಫ್ಟಿಗೂ ನಿಮಿಷಕ್ಕೆ 540 ಸುತ್ತು ಅನ್ನುವ ಗೊತ್ತಾದ ಲೆಕ್ಕ ಇದೆ.

ಟ್ರ್ಯಾಕ್ಟರ್ ಯಾಕೆ ಗೆದ್ದಿತು, ಸಿಲಿಂಡರ್ ಯಾಕೆ ಸೋತಿತು? ಎರಡು ಕಾರಣ ಕಾಣುತ್ತೆ. ಒಂದು, ಕೊಂಡಿಯ ಶಕ್ತಿ. ಟ್ರ್ಯಾಕ್ಟರಿನ ಶಾಫ್ಟು ಇಂಜಿನ್ನಿನ ಬಲದ ಬಹುಪಾಲನ್ನು ಹೊರಗೆ ಸಾಗಿಸುತ್ತೆ. ಥಂಡರ್‌ಬೋಲ್ಟ್ 2 ಸಾಗಿಸುತ್ತಿದ್ದದ್ದು ಸೆಕೆಂಡಿಗೆ 20 ಗಿಗಾಬಿಟ್. ಅದೇ ಕಾಲದ ಮಾಮೂಲಿ ಪಿಸಿಯಲ್ಲಿ ಗ್ರಾಫಿಕ್ಸ್ ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ 3.0 ಸ್ಲಾಟಿನಲ್ಲಿ ಸುಮಾರು 126 ಗಿಗಾಬಿಟ್. ಆರು ಪಟ್ಟು ಹೆಚ್ಚು! ನಾಲ್ಕಿಂಚಿನ ಪೈಪಿನಲ್ಲಿ ಬರೋ ನೀರನ್ನು ಅರ್ಧ ಇಂಚಿನ ನಲ್ಲಿಯಲ್ಲಿ ತಗೊಳ್ಳಿ ಅಂದ ಹಾಗೆ. ಡಿಸ್ಕು, ಕ್ಯಾಮೆರಾ, ಸಂಗೀತದ ಉಪಕರಣಗಳಿಗೆ ಅದು ಧಾರಾಳ ಸಾಕು. ಸ್ಟುಡಿಯೋಗಳಲ್ಲಿ ಈಗಲೂ ಅದು ಚೆನ್ನಾಗೇ ನಡೀತಿದೆ. ಭಾರದ ಕೆಲಸಕ್ಕೆ ಸಾಲದು.

ಎರಡನೇ ಕಾರಣ ಇದಕ್ಕಿಂತ ಮುಖ್ಯವಾದದ್ದು: ಕೊಂಡಿ ಯಾರ ಕೈಯಲ್ಲಿದೆ? ಟ್ರ್ಯಾಕ್ಟರ್ ಕೊಂಡ ಮೇಲೆ ಹಿಂದಿನ ಕೊಂಡಿ ರೈತನದ್ದು. ಮುಂದಿನ ವರ್ಷದಿಂದ ಬೇರೆಯವರ ರೋಟವೇಟರ್ ಕಟ್ಟಂಗಿಲ್ಲ ಅಂತ ಕಂಪನಿ ಹೇಳೋಕಾಗಲ್ಲ. ಕಂಪ್ಯೂಟರಿನಲ್ಲಿ ಹೇಳಬಹುದು. ಹೊರಗಿನ ಡಬ್ಬದಲ್ಲಿಟ್ಟ ಗ್ರಾಫಿಕ್ಸ್ ಕಾರ್ಡಿಗೆ ಆಪಲ್ 2018ರ ಮಾರ್ಚಿನಲ್ಲಿ ಅಧಿಕೃತ ಬೆಂಬಲ ಕೊಟ್ಟಿತು. 2020ರ ಕೊನೆಯಲ್ಲಿ ತನ್ನದೇ ಚಿಪ್ಪಿನ ಯಂತ್ರಗಳನ್ನು ತಂದಾಗ ಅವುಗಳಿಗೆ ಆ ಬೆಂಬಲ ಇರಲಿಲ್ಲ. ಪೋರ್ಟು ಅಲ್ಲೇ ಇದೆ, ಕೇಬಲ್ಲೂ ಹೊಂದುತ್ತೆ, ಆದ್ರೆ ಕೆಲಸ ಮಾಡಲ್ಲ.

ಒಳಗಿನ ಸ್ಲಾಟಿಗೂ ಇದೇ ಗತಿ ಬಂತು. 2023ರ ಜೂನಿನಲ್ಲಿ ಎಂ2 ಅಲ್ಟ್ರಾ ಚಿಪ್ಪಿನ ಮ್ಯಾಕ್ ಪ್ರೋ ಬಂತು. ಹಳೇ ಥರದ ದೊಡ್ಡ ಪೆಟ್ಟಿಗೆ, ಒಳಗೆ ಏಳು ಸ್ಲಾಟು. ಅದೇ ಚಿಪ್ಪು ಹಾಕಿದ ಪುಟ್ಟ ಮ್ಯಾಕ್ ಸ್ಟುಡಿಯೋ 3,999 ಡಾಲರಿಗೆ ಸಿಗುತ್ತಿತ್ತು. ಮ್ಯಾಕ್ ಪ್ರೋಗೆ 6,999. ಮೂರು ಸಾವಿರ ಡಾಲರ್ ಹೆಚ್ಚು ಕೊಟ್ಟು ಪಡೆಯೋದು ಮುಖ್ಯವಾಗಿ ಆ ಸ್ಲಾಟುಗಳನ್ನು. ಆದರೆ ಅದರಲ್ಲಿ ಗ್ರಾಫಿಕ್ಸ್ ಕಾರ್ಡು ಹಾಕೋ ಹಾಗಿಲ್ಲ. ಮೆಮೊರಿ ಹೆಚ್ಚಿಸೋ ಹಾಗಿಲ್ಲ. 2019ರ ಯಂತ್ರದಲ್ಲಿ 1.5 ಟೆರಾಬೈಟ್ ತನಕ ಹೋಗುತ್ತಿದ್ದದ್ದು ಇದರಲ್ಲಿ ಕೊಳ್ಳುವಾಗಲೇ ಆರಿಸಿಕೊಂಡರೆ 192 ಗಿಗಾಬೈಟಿಗೆ ನಿಂತಿತು. ಆಡಿಯೋ, ವಿಡಿಯೋ ಕಾರ್ಡು ಬಳಸುವ ಸ್ಟುಡಿಯೋದವರಿಗೆ ಆ ಸ್ಲಾಟುಗಳು ಉಪಯೋಗಕ್ಕೆ ಬರುತ್ತವೆ, ಇಲ್ಲ ಅಂತಲ್ಲ. ಆದರೆ ಜಾಗ ಒಳಗಿದ್ದೂ ಅಲ್ಲಿ ಯಾರು ಕೂರಬಹುದು ಅನ್ನೋದನ್ನು ಮಾಡಿದವನೇ ಮೊದಲೇ ತೀರ್ಮಾನಿಸಿದ್ದಾನೆ. ಹಜಾರದಲ್ಲಿ ಏಳು ಕುರ್ಚಿ ಹಾಕಿ, ಒಂದೊಂದರ ಮೇಲೂ ಹೆಸರು ಬರೆದಿಟ್ಟ ಹಾಗೆ.

ಇದಕ್ಕೂ ಒಂದು ತಾಂತ್ರಿಕ ಸಮರ್ಥನೆ ಇದೆ, ಅದನ್ನು ಮುಚ್ಚಿಡಬಾರದು. ಎಂ2 ಅಲ್ಟ್ರಾದಲ್ಲಿ ಮೆಮೊರಿಯನ್ನು ಪ್ರೊಸೆಸರಿನ ಮಗ್ಗುಲಿಗೇ ಅಂಟಿಸಿದ್ದರಿಂದ ಸೆಕೆಂಡಿಗೆ 800 ಗಿಗಾಬೈಟ್ ವೇಗ ಸಿಗುತ್ತೆ. ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಅದೇ ಮೆಮೊರಿ. ಕಿತ್ತು ಹಾಕುವ ಮಾಮೂಲಿ ಮೆಮೊರಿ ತುಂಡುಗಳಲ್ಲಿ ಇಷ್ಟು ವೇಗ, ಇಷ್ಟು ಕಡಿಮೆ ಕರೆಂಟಿನಲ್ಲಿ ತರೋದು ಬಹಳ ಕಷ್ಟ. ಚಿಪ್ಪಿನಲ್ಲಿ ದೂರ ಅನ್ನೋದಕ್ಕೆ ಬೆಲೆ ಇದೆ. ಹತ್ತಿರ ತಂದಷ್ಟೂ ಚುರುಕು, ಹತ್ತಿರ ತಂದಷ್ಟೂ ಬಿಡಿಸೋಕಾಗಲ್ಲ. ಹಾಗಾಗಿ ಮುಚ್ಚಿದ್ದೆಲ್ಲ ದುರಾಸೆಯಿಂದಲೇ ಮುಚ್ಚಿದ್ದು ಅನ್ನೋದು ಸುಳ್ಳು. ಯಾವುದು ಭೌತಶಾಸ್ತ್ರ ಹಾಕಿದ ಬೀಗ, ಯಾವುದು ವ್ಯಾಪಾರ ಹಾಕಿದ ಬೀಗ ಅಂತ ಬೇರೆ ಮಾಡಿ ನೋಡಬೇಕು. ಅಂಟಿಸಿದ ಮೆಮೊರಿ ಬಹುಮಟ್ಟಿಗೆ ಮೊದಲ ಜಾತಿಯದ್ದು. 512 ಕಿಲೋಬೈಟ್ ಬೇಕಾದರೆ ಹೊಸ ಮ್ಯಾಕ್ ಕೊಳ್ಳಲಿ ಅನ್ನೋದು ಎರಡನೇ ಜಾತಿಯದ್ದು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಜೊತೆಗೆ ತೂರಿಸುವಾಗ ಅಪ್ರಾಮಾಣಿಕತೆ ಶುರುವಾಗುತ್ತೆ.

ನನ್ನ ಕೆಲಸ ತಂತ್ರಾಂಶದ್ದು, ಅಲ್ಲೂ ಇದೇ ಪ್ರಶ್ನೆ ದಿನಾ ಬರುತ್ತೆ. ‘ಮುಂದೆ ಬೇಕಾಗಬಹುದು’ ಅಂತ ಕೋಡಿನ ತುಂಬ ಕೊಕ್ಕೆಗಳನ್ನು ಬಿಡುತ್ತಾ ಹೋದರೆ ಯಾರೂ ಬಳಸದ ಕೊಕ್ಕೆಗಳನ್ನು ನಾವೇ ವರ್ಷಗಟ್ಟಲೆ ಸಾಕಬೇಕು. ಅದಕ್ಕೇ ನಮ್ಮಲ್ಲಿ ‘ಬೇಕಾದಾಗ ಮಾಡೋಣ, ಇವಾಗ ಬೇಡ’ ಅನ್ನುವ ನಿಯಮವೇ ಇದೆ. ಒಳ್ಳೆಯ ನಿಯಮ. ಆದರೆ ಅದು ಸಲ್ಲೋದು, ಬೇಕಾದಾಗ ಮಾಡಿಕೊಡೋಕೆ ನಾವು ಅಲ್ಲೇ ಇರ್ತೀವಿ ಅಂದಾಗ. ತಂತ್ರಾಂಶವನ್ನು ನಾಳೆ ಬದಲಾಯಿಸಬಹುದು. ಮಾರಿ ಕಳಿಸಿದ ಲೋಹದ ಪೆಟ್ಟಿಗೆಯ ಹತ್ತಿರ ನಾಳೆ ನಾವಿರಲ್ಲ, ಅದನ್ನು ಕೊಂಡವನೊಬ್ಬನೇ ಇರ್ತಾನೆ. ‘ಬೇಕಾದಾಗ ನೋಡೋಣ’ ಅಂತ ಹೇಳಿದವರು ಬೇಕಾದ ಹೊತ್ತಿಗೆ ಸಿಗದಿದ್ದರೆ ಆ ಮಾತಿಗೆ ಏನು ಬೆಲೆ?

ಇಷ್ಟೆಲ್ಲ ಅಳೆದು ತೂಗಿದ ಮೇಲೆ ನನಗೆ ಅನ್ನಿಸೋದು ಇಷ್ಟು. ಮನೆಬಳಕೆಯ ಸಣ್ಣ ಕಂಪ್ಯೂಟರ್ ಮುಚ್ಚಿಕೊಂಡು ಬಂದರೆ ದೊಡ್ಡ ಅನ್ಯಾಯವೇನಿಲ್ಲ. ಅದರ ಕೆಲಸ ಹೆಚ್ಚುಕಡಿಮೆ ಗೊತ್ತಿರುವಂಥದ್ದು. ರಾಸ್ಕಿನ್ ವಾದ ಅಲ್ಲಿ ಗೆಲ್ಲುತ್ತೆ. ದುಡಿಮೆಯ ಯಂತ್ರದ ಮಾತು ಬೇರೆ. ಅದನ್ನು ಕೊಳ್ಳುವವನಿಗೆ ತನ್ನ ಕಸುಬನ್ನು ಬೆಳೆಸುವ ಆಸೆ ಇರುತ್ತೆ, ಆ ಕಸುಬು ಎಲ್ಲಿಗೆ ಹೋಗುತ್ತೆ ಅನ್ನೋದು ಅವನಿಗೇ ಗೊತ್ತಿರಲ್ಲ. ಮಾಡಿದವನಿಗಂತೂ ಇಲ್ಲವೇ ಇಲ್ಲ. ಅಂಥ ಕಡೆ ಜಾಗ ಒಳಗಿರಲಿ ಹೊರಗಿರಲಿ, ಮೂರು ಮಾತು ನಿಜವಾಗಿರಬೇಕು. ಕೊಂಡಿಗೆ ಭಾರ ಹೊರುವ ತಾಕತ್ತಿರಬೇಕು. ಅದರ ಅಳತೆ ಎಲ್ಲರಿಗೂ ಗೊತ್ತಿರಬೇಕು, ಐಬಿಎಂನ ಕೈಪಿಡಿಯ ಹಾಗೆ. ಮತ್ತು ಅಲ್ಲಿ ಏನು ಕಟ್ಟಬೇಕು ಅನ್ನುವ ತೀರ್ಮಾನ ಕೊಂಡವನದ್ದಾಗಿರಬೇಕು. ಇವುಗಳಲ್ಲಿ ಮೂರನೆಯದು ತಪ್ಪಿದರೆ ಏಳು ಸ್ಲಾಟಿದ್ದೂ ಅದು ಮುಚ್ಚಿದ ಪೆಟ್ಟಿಗೆಯೇ.

ಇದಕ್ಕೆ ಸ್ವಲ್ಪ ದುಡ್ಡು ಹೆಚ್ಚಾಗುತ್ತೆ, ಡಬ್ಬ ಸ್ವಲ್ಪ ದಪ್ಪಗಾಗುತ್ತೆ, ಕೆಲವರ ಸ್ಲಾಟು ಕೊನೆ ತನಕ ಖಾಲಿಯೇ ಉಳಿಯುತ್ತೆ. ಆ ನಷ್ಟವನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಂಡರೆ ಯಾರಿಗೂ ಭಾರ ಆಗಲ್ಲ. ಹಂಚಿಕೊಳ್ಳದಿದ್ದರೆ ಅದು ಹೋಗಿ ಬೀಳೋದು ಯಾರ ಮೇಲೆ ಅಂತ ನೋಡಿದರೆ, ಮಾಡಿದವರ ಊಹೆಯಲ್ಲಿ ಇಲ್ಲದೇ ಹೋದವರ ಮೇಲೆ. ವಿಚಿತ್ರವಾದ ಕೆಲಸ ಮಾಡುವವರು, ಕಡಿಮೆ ಜನ ಆಡುವ ಭಾಷೆಯವರು, ಒಂದೇ ಸಲಕ್ಕೆ ಪೂರ್ತಿ ದುಡ್ಡು ಹೊಂದಿಸಲಾರದವರು. ಐಬಿಎಂ ಪಿಸಿಯಲ್ಲಿ ಆ ಐದು ಸೀಳುಗಳು ಇಲ್ಲದೇ ಹೋಗಿದ್ದರೆ ಅಮೆರಿಕದ ಯಾವ ಆಫೀಸಿಗೂ ದೊಡ್ಡ ತೊಂದರೆ ಆಗುತ್ತಿರಲಿಲ್ಲವೇನೋ. ಕಾಯಬೇಕಾಗಿ ಬರುತ್ತಿದ್ದದ್ದು ಪರದೆಯ ಮೇಲೆ ತಮ್ಮ ಅಕ್ಷರ ನೋಡಬೇಕು ಅಂತ ಕಾದು ಕೂತಿದ್ದ ನಮ್ಮಂಥವರು.